ಬ್ರೇಕಿಂಗ್ ನ್ಯೂಸ್ ಪೀಠ

ಕೊಡಗಿನವರ ಕೈಯಲ್ಲಿ ಕೋವಿ ಇದೆ. ಟಿವಿಯವರ ಕೈಯಲ್ಲಿ ಮೈಕ್ ಇದೆ. ಕೋವಿ ಇಟ್ಟುಕೊಳ್ಳಲು ಜಿಲ್ಲಾಧಿಕಾರಿಯ ವಿನಾಯಿತಿ ಪತ್ರ ಬೇಕು. ಮೈಕ್ ಹಿಡಿಯಲು ಏನೂ ಬೇಡ.

ಎರಡರಲ್ಲಿ ಹೆಚ್ಚು ಜನರಿಗೆ ಪೆಟ್ಟು ಮಾಡಿದ್ದು ಯಾವುದು ಎಂದು ನಮ್ಮ ಹುದಿಕೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ.

2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಕೋವಿ ವಿಚಾರದಲ್ಲಿ ಒಂದು ತೀರ್ಪು ಕೊಟ್ಟಿತು. ಪ್ರಶ್ನೆ ಇದ್ದದ್ದು ಸಣ್ಣದು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟು ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ ಸರಿಯೋ ತಪ್ಪೋ? ನಿವೃತ್ತ ಸೇನಾ ಕ್ಯಾಪ್ಟನ್ ಒಬ್ಬರು ತಪ್ಪು ಎಂದು ಅರ್ಜಿ ಹಾಕಿದ್ದರು. ಹಂಗಾಮಿ ಮುಖ್ಯ ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಮತ್ತು ನ್ಯಾಯಮೂರ್ತಿ ಸಚಿನ್ ಶಂಕರ್ ಮಗದುಮ್ ಅವರ ಪೀಠ ಸರಿ ಎಂದಿತು. ವಿನಾಯಿತಿ ಹತ್ತು ವರ್ಷಕ್ಕೆ. ಷರತ್ತಿನ ಮೇಲೆ. 2029ಕ್ಕೆ ಅವಧಿ ಮುಗಿಯುತ್ತದೆ.

ಸುದ್ದಿಯಾಗಿ ಊರು ಸುತ್ತಿದ್ದು ಏನು? ಕೊಡಗಿನಲ್ಲಿ ಗನ್‌ಗೆ ಲೈಸೆನ್ಸ್ ಬೇಕಿಲ್ಲ!

ಬೆಂಗಳೂರಿನಿಂದ ಫೋನು. "ಏನ್ರೀ, ನಿಮ್ಮ ಕಡೆ ಇನ್ನು ಯಾರು ಬೇಕಾದ್ರೂ ಗನ್ ಇಟ್ಕೋಬಹುದಂತೆ?"

ಯಾರು ಬೇಕಾದರೂ ಅಲ್ಲ ಸ್ವಾಮಿ. ತೋಟದ ಲೈನ್ ಮನೆಯಲ್ಲಿರುವ ಯರವ ಇಟ್ಟುಕೊಳ್ಳುವ ಹಾಗಿಲ್ಲ. ಗೋಣಿಕೊಪ್ಪಕ್ಕೆ ಬಂದು ಅಂಗಡಿ ಹಾಕಿದವನು ಇಟ್ಟುಕೊಳ್ಳುವ ಹಾಗಿಲ್ಲ. ಅವರಿಗೆ ನಿಮ್ಮ ಹಾಗೆಯೇ ಲೈಸೆನ್ಸ್ ಬೇಕು. ವಿನಾಯಿತಿಯ ಕಥೆ 1861ರಷ್ಟು ಹಳೆಯದು, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದ್ದು. ಹೈಕೋರ್ಟ್ ಹೊಸದಾಗಿ ಯಾರಿಗೂ ಒಂದು ತೋಟೆಯನ್ನೂ ಹಂಚಿಲ್ಲ. ಇದ್ದದ್ದು ಇರಲಿ ಎಂದಿತು, ಅಷ್ಟೇ. ಇದ್ದದ್ದು ಇರಲಿ ಎಂದರೆ ಅದು ಬ್ರೇಕಿಂಗ್ ನ್ಯೂಸ್ ಆಗುವುದು ಹೇಗೆ? ಆಗುವುದಿಲ್ಲ. ಆದ್ದರಿಂದ ಆಗುವ ಹಾಗೆ ಮಾಡಿದರು.

ಪ್ರತಿ ಆದೇಶಕ್ಕೂ ಸುತ್ತ ಬೇಲಿ ಇರುತ್ತದೆ. ಯಾರಿಗೆ, ಎಲ್ಲಿಯವರೆಗೆ, ಯಾವ ವಿಷಯಕ್ಕೆ. ಕಾಡಾನೆ ತೋಟಕ್ಕೆ ನುಗ್ಗಿದರೆ ಮೊದಲು ಮುರಿಯುವುದು ಬೇಲಿಯನ್ನು. ಚಾನೆಲ್‌ಗಳೂ ಅಷ್ಟೇ. ವ್ಯತ್ಯಾಸ ಒಂದೇ. ಆನೆ ಮಾಡಿದ ನಷ್ಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿದರೆ ಪರಿಹಾರ ಬರುತ್ತದೆ. ತಡವಾಗಿ ಬರುತ್ತದೆ, ಕಡಿಮೆ ಬರುತ್ತದೆ, ಆದರೂ ಬರುತ್ತದೆ.

ಬೇಲಿ ಮುರಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ 2022ರ ಫೆಬ್ರುವರಿ ನೆನಪಿಸಿಕೊಳ್ಳಿ. ಹಿಜಾಬ್ ವಿವಾದ. 10ನೇ ತಾರೀಕು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮಧ್ಯಂತರ ಆದೇಶ ಕೊಟ್ಟಿತು. ಮುಂದಿನ ಆದೇಶದವರೆಗೆ ವಿದ್ಯಾರ್ಥಿಗಳು, ಯಾವ ಧರ್ಮದವರೇ ಆಗಲಿ, ತರಗತಿಯ ಒಳಗೆ ಕೇಸರಿ ಶಾಲು, ಹಿಜಾಬ್, ಧಾರ್ಮಿಕ ಬಾವುಟ ತರಬಾರದು. ಅದೂ ಕಾಲೇಜು ಅಭಿವೃದ್ಧಿ ಸಮಿತಿ ಸಮವಸ್ತ್ರ ನಿಗದಿ ಮಾಡಿದ ಸಂಸ್ಥೆಗಳಲ್ಲಿ ಮಾತ್ರ.

ವಿದ್ಯಾರ್ಥಿಗಳು. ತರಗತಿಯ ಒಳಗೆ. ಸಮಿತಿ ನಿಗದಿ ಮಾಡಿದ ಕಡೆ. ಓದಲು ಬಂದವನಿಗೆ ಇದು ಅರ್ಧ ನಿಮಿಷದ ಕೆಲಸ.

14ಕ್ಕೆ ಹೈಸ್ಕೂಲುಗಳು ತೆರೆದವು. ಮಕ್ಕಳಿಗಿಂತ ಮೊದಲು ಕ್ಯಾಮೆರಾಗಳು ಬಂದಿದ್ದವು. ಗೇಟಿನಲ್ಲೇ ನಿಂತವು. ಬ್ಯಾಗು ಹಿಡಿದು ಓಡುವ ಮಗುವಿನ ಹಿಂದೆ ಓಡಿದವು. ಪಾಠ ಹೇಳಲು ಬಂದ ಶಿಕ್ಷಕಿಯರು ರಸ್ತೆಯಲ್ಲಿ, ಮೈಕಿನ ಎದುರು, ಬುರ್ಖಾ ತೆಗೆಯಬೇಕಾಯಿತು. "ಹೈಕೋರ್ಟ್ ಆದೇಶ ಇದ್ದರೂ..." ಎಂದು ಹಿನ್ನೆಲೆಯಲ್ಲಿ ಒಂದು ಧ್ವನಿ ಕೂಗುತ್ತಿತ್ತು.

ಆದೇಶ ಶಿಕ್ಷಕಿಯರ ಬಗ್ಗೆ ಆಗಿರಲಿಲ್ಲ. ಗೇಟಿನ ಬಗ್ಗೆಯೂ ಆಗಿರಲಿಲ್ಲ. 23ನೇ ತಾರೀಕು ಪೀಠವೇ ಬಾಯಿಬಿಟ್ಟು ಹೇಳಬೇಕಾಯಿತು, ನಮ್ಮ ಆದೇಶ ವಿದ್ಯಾರ್ಥಿಗಳಿಗೆ ಮಾತ್ರ ಎಂದು. ಅಷ್ಟರಲ್ಲಿ ಹದಿಮೂರು ದಿನ ಆಗಿತ್ತು. ಕೋರ್ಟು ಹೇಳದ ಆದೇಶವನ್ನು ಹದಿಮೂರು ದಿನ ಜಾರಿಯಲ್ಲಿಟ್ಟ ಕೀರ್ತಿ ಯಾರಿಗೆ ಸಲ್ಲಬೇಕು? ಪೊಲೀಸರಿಗಲ್ಲ. ಶಿಕ್ಷಣ ಇಲಾಖೆಗೂ ಪೂರ್ತಿ ಅಲ್ಲ.

ತಮ್ಮ ಸುದ್ದಿ ತಪ್ಪಾಗಿತ್ತು ಎಂದು ಆ ರಾತ್ರಿ ಯಾವ ನಿರೂಪಕನಾದರೂ ಹೇಳಿದನೇ? ಹೇಳಿದ್ದರೆ ನಾನು ಕಾಣಲಿಲ್ಲ. ಆ ರಾತ್ರಿ ಅವರು ಬೇರೆ ಗೇಟಿನಲ್ಲಿದ್ದರು.

ಅದೇ ವರ್ಷ ಅಕ್ಟೋಬರಿನಲ್ಲಿ, ಹಿಜಾಬ್ ವಿಷಯದಲ್ಲೇ, ಸುಪ್ರೀಂ ಕೋರ್ಟ್ ಇನ್ನೊಂದು ತಲೆನೋವು ಕೊಟ್ಟಿತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಒಂದು ಹೇಳಿದರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅದಕ್ಕೆ ವಿರುದ್ಧ ಹೇಳಿದರು. ವಿಷಯ ದೊಡ್ಡ ಪೀಠಕ್ಕೆ ಹೋಗಬೇಕು ಎಂದಾಯಿತು. ಅಂದರೆ ತೀರ್ಮಾನ ಆಗಲಿಲ್ಲ. ಚಾನೆಲ್‌ಗೆ ಇದು ನುಂಗಲಾರದ ತುತ್ತು. ಗೆದ್ದವರು ಯಾರು ಎಂದು ಹೇಳದೆ ಜಾಹೀರಾತಿಗೆ ಹೋಗುವುದು ಹೇಗೆ?

ಅವರ ನಿಘಂಟಿನಲ್ಲಿ ತೀರ್ಪುಗಳು ಎರಡೇ ಬಗೆ. ಬಿಗ್ ಶಾಕ್, ಬಿಗ್ ರಿಲೀಫ್. ಮಿಕ್ಕವೆಲ್ಲ ಮುಂದಿನ ವಾರಕ್ಕೆ.

2019ರ ನವೆಂಬರ್ 13ರಂದು ಈ ನಿಘಂಟಿಗೇ ಗ್ರಹಚಾರ ಹಿಡಿಯಿತು. ಸಮ್ಮಿಶ್ರ ಸರ್ಕಾರ ಬೀಳಿಸಿದ ಹದಿನೇಳು ಶಾಸಕರ ಅನರ್ಹತೆಯ ತೀರ್ಪು. ಸ್ಪೀಕರ್ ಅನರ್ಹ ಮಾಡಿದ್ದು ಸರಿ ಎಂದಿತು ಸುಪ್ರೀಂ ಕೋರ್ಟ್. ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸಬಾರದು ಎಂದದ್ದು ಸರಿಯಲ್ಲ ಎಂದಿತು. ಅನರ್ಹರು ಅನರ್ಹರೇ, ಚುನಾವಣೆಗೆ ನಿಲ್ಲಬಹುದು. ಎರಡು ವಾಕ್ಯ. ಮೊದಲ ವಾಕ್ಯ ಕೇಳಿದವರು ಶಾಕ್ ಎಂದರು. ಎರಡನೆಯದು ಕೇಳಿದವರು ರಿಲೀಫ್ ಎಂದರು. ಎರಡೂ ಕೇಳುವ ತನಕ ಕಾದವರು ಯಾರೂ ಇರಲಿಲ್ಲ. ರಿಮೋಟ್ ಕೈಯಲ್ಲಿದ್ದವನು ಚಾನೆಲ್ ಬದಲಿಸಿದ ಹಾಗೆಲ್ಲ ಶಾಸಕರು ಸೋತರು, ಗೆದ್ದರು, ಮತ್ತೆ ಸೋತರು.

ಈ ಆಟ ನಮಗೆ ಹೊಸದಲ್ಲ. 2010ರ ಅಕ್ಟೋಬರಿನಲ್ಲಿ ಸ್ಪೀಕರ್ ಆಗಿದ್ದವರು ನಮ್ಮ ವಿರಾಜಪೇಟೆ ಕ್ಷೇತ್ರದ ಕೆ.ಜಿ. ಬೋಪಯ್ಯ. ಬಿಜೆಪಿಯ ಹನ್ನೊಂದು ಶಾಸಕರನ್ನು ಅನರ್ಹ ಮಾಡಿದರು. ಹೈಕೋರ್ಟಿನಲ್ಲಿ ಮೊದಲು ಇಬ್ಬರು ನ್ಯಾಯಮೂರ್ತಿಗಳ ಎರಡು ಅಭಿಪ್ರಾಯ, ಆಮೇಲೆ ಮೂರನೆಯವರು ಬಂದು ಸ್ಪೀಕರ್ ಮಾಡಿದ್ದು ಸರಿ ಎಂದರು. ಊರಲ್ಲಿ ಪಟಾಕಿ. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ರದ್ದು ಮಾಡಿತು. ಪಟಾಕಿ ಹೊಡೆದವರಿಗೆ ಹೈಕೋರ್ಟಿನ ಮೇಲೆ ಇನ್ನೊಂದು ಕೋರ್ಟು ಇದೆ ಎಂದು ಯಾರೂ ಹೇಳಿರಲಿಲ್ಲ. 'ಅಂತಿಮ ತೀರ್ಪು' ಎಂದೇ ಅವರು ಕೇಳಿಸಿಕೊಂಡಿದ್ದರು.

ಇನ್ನು ಜಾಮೀನು. ನಮ್ಮಲ್ಲಿ ಜಾಮೀನು ಎಂದರೆ ಖುಲಾಸೆ. ಜಾಮೀನು ರದ್ದು ಎಂದರೆ ಶಿಕ್ಷೆ. ಚಿತ್ರದುರ್ಗದ ಒಬ್ಬ ಬಡಪಾಯಿಯ ಕೊಲೆಯಾಗಿ ಒಬ್ಬ ನಟನ ಬಂಧನವಾಯಿತು. 2024ರ ಡಿಸೆಂಬರಿನಲ್ಲಿ ಹೈಕೋರ್ಟ್ ಜಾಮೀನು ಕೊಟ್ಟಾಗ ಚಾನೆಲ್‌ಗಳಲ್ಲಿ ಸಿನಿಮಾ ಬಿಡುಗಡೆಯ ಸಂಭ್ರಮ. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದಾಗ ಅದೇ ಚಾನೆಲ್‌ಗಳಲ್ಲಿ ಅದೇ ಹುರುಪು. ನಡುವೆ ವಿಚಾರಣೆ ಎಂಬ ಒಂದು ಬೇಸರದ ಸಂಗತಿ ಇದೆ. ಸಾಕ್ಷಿ, ಪಾಟೀ ಸವಾಲು, ಮುಂದೂಡಿಕೆ. ಅದಕ್ಕೆ ಮ್ಯೂಸಿಕ್ ಹೊಂದುವುದಿಲ್ಲ. ಆರೋಪಿ ಬೆಳಿಗ್ಗೆ ಉಪ್ಪಿಟ್ಟು ತಿಂದನೋ ಅವಲಕ್ಕಿ ತಿಂದನೋ ಎಂಬುದು ಸಾಕ್ಷಿಗಿಂತ ರುಚಿ.

ಮತ್ತೆ ಬಾಯಿಮಾತು. ನ್ಯಾಯಮೂರ್ತಿಗಳು ವಕೀಲರನ್ನು ಕೇಳುತ್ತಾರೆ, ಕೆಣಕುತ್ತಾರೆ, ಕೆಲವು ಸಲ ರೇಗುತ್ತಾರೆ. ಕೇಳುವುದು ಅವರ ಕೆಲಸ. ಆದರೆ ಕೇಳಿದ್ದೆಲ್ಲ ಆದೇಶವಲ್ಲ. ಮದ್ರಾಸ್ ಹೈಕೋರ್ಟ್ ಕೊರೊನಾ ಕಾಲದಲ್ಲಿ ಚುನಾವಣಾ ಆಯೋಗದ ಮೇಲೆ ಕೆಂಡ ಕಾರಿದ್ದಕ್ಕೆ ಆಯೋಗ ಸುಪ್ರೀಂ ಕೋರ್ಟಿಗೆ ಹೋಗಿತ್ತು. ವಿಚಾರಣೆ ವೇಳೆ ಆಡಿದ ಮಾತು ತೀರ್ಪಿನ ಭಾಗವಲ್ಲ ಎಂದು 2021ರ ಮೇ 6ರಂದು ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ವರದಿ ಮಾಡುವ ಹಕ್ಕು ಮಾಧ್ಯಮಕ್ಕೆ ಇದೆ ಎಂದೂ ಹೇಳಿತು. ನಮ್ಮವರು ಎರಡನೆಯದನ್ನು ಮಾತ್ರ ಕೇಳಿಸಿಕೊಂಡರು.

ಹಾಗಾಗಿ ಬೆಳಿಗ್ಗೆ ಹನ್ನೊಂದಕ್ಕೆ ಚಾಟಿ. ಹನ್ನೆರಡಕ್ಕೆ ತಪರಾಕಿ. ಮಧ್ಯಾಹ್ನ ಛೀಮಾರಿ. ಸಂಜೆ ಆದೇಶದ ಪ್ರತಿ ಬಂದರೆ ಅದರಲ್ಲಿ ಇರುವುದು ಎರಡೇ ಸಾಲು: ನೋಟಿಸ್ ಜಾರಿ ಮಾಡಿ, ನಾಲ್ಕು ವಾರ ಬಿಟ್ಟು ಬನ್ನಿ. ಬೆಳಿಗ್ಗೆಯಿಂದ ಇಷ್ಟು ಹೊಡೆತ ತಿಂದ ಸರ್ಕಾರ ಸಂಜೆಗೆ ಒಂದು ಗಾಯವೂ ಇಲ್ಲದೆ ಎದ್ದು ಹೋಗುತ್ತದೆ.

ಹೈಕೋರ್ಟ್ ಕಲಾಪದ ನೇರಪ್ರಸಾರ ಶುರುವಾದಾಗ, ಇನ್ನಾದರೂ ಜನ ನೇರವಾಗಿ ನೋಡಿ ತಿಳಿಯುತ್ತಾರೆ ಎಂದು ಕೆಲವರು ಆಸೆಪಟ್ಟರು. ಆಸೆಗೇನು, ಪಡಬಹುದು. ಎರಡು ಗಂಟೆಯ ವಾದದಿಂದ ನಲವತ್ತು ಸೆಕೆಂಡು ಕತ್ತರಿಸಿ, ಹಿಂದೆ ಸಿನಿಮಾ ಹೀರೊಗೆ ಹಾಕುವ ಸಂಗೀತ ಹಾಕಿ, 'ಬೆವರಿಳಿಸಿದ ಜಡ್ಜ್' ಎಂದು ಬಿಟ್ಟರು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿಯೊಬ್ಬರ ಇಂಥ ತುಣುಕುಗಳು ಹರಿದಾಡಿ, ಬೆಂಗಳೂರಿನ ಒಂದು ಬಡಾವಣೆಯನ್ನು ಪಾಕಿಸ್ತಾನ ಎಂದ ಮಾತು ಸುಪ್ರೀಂ ಕೋರ್ಟಿನ ಐವರ ಪೀಠದವರೆಗೂ ಹೋಯಿತು. ಆ ನ್ಯಾಯಮೂರ್ತಿ ವಿಷಾದ ಹೇಳಿದರು. ಆ ಮಾತು ಆಡಬಾರದಿತ್ತು, ನಿಜ. ಆದರೆ ಆ ದಿನ ಆ ಕೋರ್ಟಿನಲ್ಲಿ ಯಾರ ಕೇಸು ನಡೆಯುತ್ತಿತ್ತು, ಅದು ಏನಾಯಿತು? ಹೇಳಿ ನೋಡೋಣ. ನಿಮಗೂ ಗೊತ್ತಿಲ್ಲ. ಹೇಳಿದವರು ಯಾರಿದ್ದಾರೆ?

ಈಗ ನೀರಿಗೆ ಬರೋಣ. ಕಾವೇರಿ ಹುಟ್ಟುವುದು ನಮ್ಮಲ್ಲಿ. ಇರ್ಪುವಿನಿಂದ ಇಳಿಯುವ ಲಕ್ಷ್ಮಣತೀರ್ಥ ಹೋಗಿ ಸೇರುವುದೂ ಅದಕ್ಕೇ. ಈ ಹೊಳೆಯ ಹೆಸರಿನಲ್ಲಿ ಬರುವ ಆದೇಶಗಳನ್ನು ಕನ್ನಡದ ಟಿವಿಯಲ್ಲಿ ಲೆಕ್ಕ ಸಮೇತ ತಿಳಿದುಕೊಂಡವರು ಯಾರಾದರೂ ಇದ್ದರೆ ಅವರಿಗೆ ಸನ್ಮಾನ ಮಾಡಬೇಕು.

2016ರ ಸೆಪ್ಟೆಂಬರ್ 5. ದಿನಕ್ಕೆ 15,000 ಕ್ಯುಸೆಕ್ ನೀರನ್ನು ಹತ್ತು ದಿನ ತಮಿಳುನಾಡಿಗೆ ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕ ಬದಲಾವಣೆ ಕೇಳಿತು. 12ನೇ ತಾರೀಕು ಸೋಮವಾರ ಕೋರ್ಟ್ ಬದಲಾಯಿಸಿತು: ದಿನಕ್ಕೆ 12,000 ಕ್ಯುಸೆಕ್, 20ನೇ ತಾರೀಕಿನವರೆಗೆ.

ಹದಿನೈದು ಹನ್ನೆರಡಾಯಿತು. ಅಂದರೆ ಇಳಿಯಿತು. ಮೊದಲ ಪಟ್ಟಿ ಹಾಗೇ ಓಡಿತು. ಕೊಂಚ ರಿಲೀಫ್.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಮೊದಲ ಆದೇಶದಂತೆ ಹತ್ತು ದಿನಕ್ಕೆ ಹತ್ತು ಸಲ 15,000. ಸುಮಾರು 13 ಟಿಎಂಸಿ. ಹೊಸ ಆದೇಶದಂತೆ 7ರಿಂದ 12ರವರೆಗೆ ಆರು ದಿನ 15,000, 13ರಿಂದ 20ರವರೆಗೆ ಎಂಟು ದಿನ 12,000. ಕೂಡಿಸಿ. ಸುಮಾರು 16 ಟಿಎಂಸಿ. ದಿನದ ಲೆಕ್ಕದಲ್ಲಿ ಇಳಿದದ್ದು ಒಟ್ಟು ಲೆಕ್ಕದಲ್ಲಿ ಏರಿತ್ತು. ಏಳನೇ ಕ್ಲಾಸಿನ ಗುಣಾಕಾರ. ಸ್ಟುಡಿಯೋದಲ್ಲಿ ಆರು ಜನ ಕೂತಿದ್ದರು, ಒಬ್ಬರ ಹತ್ತಿರವೂ ಪೆನ್ಸಿಲ್ ಇರಲಿಲ್ಲ.

ಲೆಕ್ಕ ತಿಳಿದಾಗ ಏನು ಮಾಡಿದರು? ಶಾಂತವಾಗಿ ವಿವರಿಸಿದರೇ? ರಿಲೀಫ್ ಅಳಿಸಿ ಶಾಕ್ ಬರೆದರು. ಅತ್ತ ತಮಿಳುನಾಡಿನಲ್ಲಿ ಕನ್ನಡಿಗರಿಗೆ ಹೊಡೆದ ವಿಡಿಯೊ, ಇತ್ತ ಮತ್ತೆ ಮತ್ತೆ ಅದೇ ವಿಡಿಯೊ. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು ಹೊತ್ತಿ ಉರಿಯಿತು. ಒಂದೇ ಡಿಪೊದಲ್ಲಿ ಹತ್ತಾರು ಬಸ್ಸುಗಳು ಸುಟ್ಟುಹೋದವು. ಪೊಲೀಸ್ ಗುಂಡಿಗೆ ಒಬ್ಬ ಸತ್ತ. 'ಶಾಂತಿ ಕಾಪಾಡಿ' ಎಂಬ ಮನವಿಯೂ ಅದೇ ಪರದೆಯ ಕೆಳಗೆ ಓಡುತ್ತಿತ್ತು, ಉರಿಯುವ ಬಸ್ಸಿನ ಕೆಳಗೆ, ಸಣ್ಣ ಅಕ್ಷರದಲ್ಲಿ.

2018ರ ಫೆಬ್ರುವರಿ 16ರಂದು ಅಂತಿಮ ತೀರ್ಪು ಬಂತು. ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು. ಕರ್ನಾಟಕಕ್ಕೆ ಹೆಚ್ಚುವರಿ 14.75. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. 'ಕಾವೇರಿ ಗೆದ್ದೆವು' ಎಂದು ಕುಣಿದರು. ಮಳೆ ಕಡಿಮೆಯಾದ ವರ್ಷ ಏನು ಮಾಡಬೇಕು ಎಂಬುದೇ ಈ ಜಗಳದ ತಿರುಳು. ಅದರ ಬಗ್ಗೆ ಚರ್ಚೆ ನಡೆಯಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಅದೇ ಸ್ಟುಡಿಯೋಗಳು 'ಇದೇನಿದು ಅನ್ಯಾಯ' ಎಂದು ಬೆಚ್ಚಿಬಿದ್ದವು. ಗೆದ್ದ ಮೇಲೆ ಓದುವ ಅಭ್ಯಾಸ ಇಲ್ಲ. ಸೋತ ಮೇಲಂತೂ ಪುರುಸೊತ್ತಿಲ್ಲ.

ಹುದಿಕೇರಿಯಲ್ಲಿ ಜೂನ್ ಜುಲೈಯಲ್ಲಿ ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ. ಆ ಮೂರು ದಿನ ನಮಗೆ ನ್ಯಾಯಾಂಗದ ಮೇಲೆ ತುಂಬ ಗೌರವ ಇರುತ್ತದೆ.

ಮಾಧ್ಯಮ ಒಂದನ್ನೇ ಬೈದರೆ ರಾಜಕಾರಣಿಗಳಿಗೆ ಅನ್ಯಾಯವಾಗುತ್ತದೆ. ಅವರಿಗೂ ಪಾಲು ಕೊಡೋಣ. 2016ರ ಜುಲೈಯಲ್ಲಿ ಡಿವೈಎಸ್‌ಪಿ ಎಂ.ಕೆ. ಗಣಪತಿ ಮಡಿಕೇರಿಯ ಲಾಡ್ಜಿನಲ್ಲಿ ಪ್ರಾಣ ಕಳೆದುಕೊಂಡರು. ಮಡಿಕೇರಿಯ ಮ್ಯಾಜಿಸ್ಟ್ರೇಟ್ ಕೋರ್ಟು ಸಚಿವ ಕೆ.ಜೆ. ಜಾರ್ಜ್ ಮೇಲೆ ಎಫ್‌ಐಆರ್ ದಾಖಲಿಸಿ ಎಂದಿತು. ಎಫ್‌ಐಆರ್ ಎಂದರೆ ತನಿಖೆಯ ಮೊದಲ ಹಾಳೆ. 'ಸಚಿವರಿಗೆ ಕೋರ್ಟ್ ಶಾಕ್' ಎಂಬ ಅಬ್ಬರದಲ್ಲಿ ಅದು ಕೊನೆಯ ಹಾಳೆ ಆಯಿತು. ಜಾರ್ಜ್ ರಾಜೀನಾಮೆ ಕೊಟ್ಟರು.

ಸೆಪ್ಟೆಂಬರಿನಲ್ಲಿ ಸಿಐಡಿ ಬಿ ರಿಪೋರ್ಟ್ ಹಾಕಿತು. ಬಿ ರಿಪೋರ್ಟ್ ಎಂದರೆ ಪೊಲೀಸರ ಅಭಿಪ್ರಾಯ. ಒಪ್ಪುವುದು ಬಿಡುವುದು ಮ್ಯಾಜಿಸ್ಟ್ರೇಟರಿಗೆ ಸೇರಿದ್ದು. ಆದರೆ 'ಕ್ಲೀನ್ ಚಿಟ್' ಎಂಬ ಮಾತು ಬಂದೇಬಿಟ್ಟಿತು. ಅದೇ ತಿಂಗಳು ಜಾರ್ಜ್ ಮತ್ತೆ ಸಂಪುಟದಲ್ಲಿ. ಮುಂದಿನ ವರ್ಷ ಸುಪ್ರೀಂ ಕೋರ್ಟ್ ತನಿಖೆಯನ್ನು ಸಿಬಿಐಗೆ ಕೊಟ್ಟಿತು. 2019ರಲ್ಲಿ ಸಿಬಿಐ ಕೂಡ ಬಿ ರಿಪೋರ್ಟ್ ಹಾಕಿತು. ಜಾರ್ಜ್ ತಪ್ಪು ಮಾಡಿದರೋ ಇಲ್ಲವೋ ಎಂಬುದು ನನ್ನ ವಿಷಯವಲ್ಲ. ಎಫ್‌ಐಆರ್‌ನಲ್ಲಿ ಅಪರಾಧಿ, ಬಿ ರಿಪೋರ್ಟಿನಲ್ಲಿ ಸಾಧು. ನಡುವೆ ಕೋರ್ಟಿಗೆ ಏನಾದರೂ ಕೆಲಸ ಇದೆಯೇ ಎಂದು ಕೇಳುತ್ತಿದ್ದೇನೆ.

ಎಂಟು ವರ್ಷ ಬಿಟ್ಟು ಅದೇ ನಾಟಕ ಮೈಸೂರಿನ ಮುಡಾ ನಿವೇಶನ ಪ್ರಕರಣದ ಹೆಸರಿನಲ್ಲಿ ಬಂತು. 2024ರ ಸೆಪ್ಟೆಂಬರ್ 24ರಂದು ಹೈಕೋರ್ಟ್ ಹೇಳಿದ್ದು, ಮುಖ್ಯಮಂತ್ರಿಯ ವಿರುದ್ಧ ತನಿಖೆಗೆ ರಾಜ್ಯಪಾಲರು ಅನುಮತಿ ಕೊಟ್ಟದ್ದು ಸರಿ ಎಂದು. ತನಿಖೆ ಮಾಡಬಹುದು ಎಂದರೆ ತಪ್ಪಿತಸ್ಥ ಎಂದಲ್ಲ. ಒಂದು ಪಕ್ಷ ಲಾಡು ಹಂಚಿತು, ಇನ್ನೊಂದು ಪಕ್ಷ ಬೀದಿಗಿಳಿಯಿತು. 'ನ್ಯಾಯಾಲಯದ ಬಗ್ಗೆ ನಮಗೆ ಅಪಾರ ಗೌರವವಿದೆ' ಎಂದು ಇಬ್ಬರೂ ಹೇಳಿದರು. ಗೌರವ ಎಂದರೆ ಓದುವುದು ಎಂದು ಅವರಿಗೂ ಯಾರೂ ಹೇಳಿಕೊಟ್ಟಿಲ್ಲ.

ದೊಡ್ಡವರಿಗೆ ಇದೆಲ್ಲ ಸಹಿಸುವ ಶಕ್ತಿ ಇದೆ. ವಕೀಲರಿದ್ದಾರೆ, ವಕ್ತಾರರಿದ್ದಾರೆ. ಸಣ್ಣವರ ಕಥೆ ಬೇರೆ.

ಕುಶಾಲನಗರದ ಹತ್ತಿರದ ಹಾಡಿಯ ಒಬ್ಬ ಆದಿವಾಸಿ. ಹೆಂಡತಿ ಕಾಣೆಯಾದಳು ಎಂದು ದೂರು ಕೊಟ್ಟ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ ಎಂದು ಪೊಲೀಸರು ತೀರ್ಮಾನಿಸಿದರು. ದೂರು ಕೊಟ್ಟವನೇ ಜೈಲಿಗೆ ಹೋದ. ವರ್ಷಕ್ಕೂ ಹೆಚ್ಚು ಒಳಗಿದ್ದ. ಡಿಎನ್‌ಎ ಹೊಂದಲಿಲ್ಲ. 2025ರ ಏಪ್ರಿಲಿನಲ್ಲಿ ಆಕೆ ಮಡಿಕೇರಿಯ ಹೋಟೆಲಿನಲ್ಲಿ ಜೀವಂತವಾಗಿ ಕಾಣಿಸಿದಳು. ಮೈಸೂರಿನ ಕೋರ್ಟು ಅವನನ್ನು ಗೌರವದಿಂದ ಬಿಟ್ಟು, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಕೊಡಬೇಕು ಎಂದಿತು.

ಟಿವಿಗಳು ಪೊಲೀಸರ ಮೇಲೆ ಮುಗಿಬಿದ್ದವು. 'ಖಾಕಿ ಯಡವಟ್ಟು'. ಸರಿಯೇ. ಆದರೆ ಹೆಂಡತಿಯನ್ನು ಕೊಂದ ಆರೋಪದಲ್ಲಿ ಬಡವನೊಬ್ಬನ ಬಂಧನವಾದರೆ ನಮ್ಮಲ್ಲಿ ಸುದ್ದಿ ಹೇಗೆ ಬರುತ್ತದೆ ಎಂದು ನಿಮಗೆ ಗೊತ್ತು. 'ಆರೋಪಿ' ಎಂಬ ಪದ ಒಂದು ಸಾಲು ಬದುಕಿದರೆ ಹೆಚ್ಚು. ಎರಡನೇ ಸಾಲಿಗೆ 'ಪಾಪಿ ಪತಿ'. ಗೃಹ ಇಲಾಖೆಯಿಂದ ಒಂದು ಲಕ್ಷ ವಸೂಲಿ ಮಾಡುವ ದಾರಿ ಕೋರ್ಟಿಗೆ ಸಿಕ್ಕಿತು. ಪಾಪಿ ಎಂದವರಿಂದ ವಸೂಲಿ ಮಾಡುವ ದಾರಿ ಇನ್ನೂ ಸಿಕ್ಕಿಲ್ಲ.

ಅದಕ್ಕೂ ಮೊದಲು, 2024ರ ಮೇನಲ್ಲಿ, ಸೂರ್ಲಬ್ಬಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ದಿನವೇ ಒಂದು ಹುಡುಗಿಯ ಕೊಲೆಯಾಯಿತು. ಇಡೀ ಕೊಡಗು ಬೆಚ್ಚಿತ್ತು. ಮರುದಿನ ಸುದ್ದಿ: ಕೊಲೆಗಾರ ನೇಣು ಹಾಕಿಕೊಂಡ. ಒಬ್ಬರು ಹೇಳಿದರು, ಎಲ್ಲರೂ ಹೇಳಿದರು. ಕೇಸು ಮುಗಿಯಿತು ಎಂದು ಜನ ಉಸಿರುಬಿಟ್ಟರು. ಸುಳ್ಳು ಎಂದರು ಪೊಲೀಸರು. ಆತ ಜೀವಂತವಾಗಿ ಸಿಕ್ಕಿಬಿದ್ದ. ಕೋರ್ಟು, ವಕೀಲ, ಸಾಕ್ಷಿ ಯಾವುದರ ಗೊಡವೆಯೂ ಇಲ್ಲದೆ ಮರಣದಂಡನೆ ಜಾರಿ ಮಾಡಿ, ಮರುದಿನ ಅಪರಾಧಿಯನ್ನು ಬದುಕಿಸಿಯೂ ಬಿಟ್ಟರು. ಯಮನಿಗೂ ಈ ಸೌಲಭ್ಯ ಇಲ್ಲ.

ಕರಡು ಅಧಿಸೂಚನೆಗಳ ಪಾಡೂ ಇದೇ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಎಂದು ಕೇಂದ್ರ ಸರ್ಕಾರ 2014ರಿಂದ 2024ರವರೆಗೆ ಆರು ಸಲ ಕರಡು ಹೊರಡಿಸಿತು. ಕರಡು ಎಂದರೆ ಆಕ್ಷೇಪಣೆ ಹೇಳಿ ಎಂದು ಅರವತ್ತು ದಿನ ಕೊಟ್ಟಿದ್ದಾರೆ ಎಂದರ್ಥ. ಆರು ಸಲವೂ ಚಾನೆಲ್‌ನವರು ನಮ್ಮನ್ನು ಊರು ಬಿಡಿಸಿದರು. "ಅಣ್ಣ, ನಮ್ಮ ಪೈಸಾರಿ ಜಾಗ ಹೋಯಿತಂತೆ, ತೋಟಕ್ಕೆ ಗೊಬ್ಬರ ಹಾಕುವುದೋ ಬೇಡವೋ" ಎಂದು ಗಾಬರಿಯಲ್ಲಿ ಕೇಳಿದವರಿಗೆ, ಆಕ್ಷೇಪಣೆ ಬರೆದು ಕಳಿಸುವ ವಿಳಾಸ ಮಾತ್ರ ಯಾವ ಪರದೆಯಲ್ಲೂ ಕಾಣಲಿಲ್ಲ.

ಮಾಧ್ಯಮದವರಿಗೆ ಕಾನೂನು ಗೊತ್ತಿಲ್ಲದೆ ಹೀಗಾಗುತ್ತದೆ ಎಂದು ಕೆಲವರು ಕನಿಕರ ತೋರಿಸುತ್ತಾರೆ. ಕನಿಕರ ಬೇಡ. ಅವರಿಗೆ ಗೊತ್ತು. 2021ರ ಮಾರ್ಚಿನಲ್ಲಿ ಆರು ಸಚಿವರು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಗಿ 60ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ವಿರುದ್ಧ ತಡೆಯಾಜ್ಞೆ ತಂದರು. ತಮ್ಮ ಮಾನಹಾನಿ ಆಗುವಂಥದ್ದು ಪ್ರಸಾರ ಮಾಡಬಾರದು ಎಂದು. ಆ ದಿನ ನೋಡಬೇಕಿತ್ತು. ಮಧ್ಯಂತರ ಎಂದರೇನು, ಏಕಪಕ್ಷೀಯ ಎಂದರೇನು, ಮುಂದಿನ ದಿನಾಂಕದವರೆಗೆ ಎಂದರೇನು, ತೆರವಿಗೆ ಅರ್ಜಿ ಹಾಕುವುದು ಹೇಗೆ, ಎಲ್ಲವೂ ಎಲ್ಲರಿಗೂ ತಟ್ಟನೆ ಅರ್ಥವಾಗಿತ್ತು. ತಮ್ಮ ಕುತ್ತಿಗೆಗೆ ಬಂದ ಆದೇಶವನ್ನು ಸಾಲು ಸಾಲಾಗಿ ಓದುತ್ತಾರೆ. ಬೇರೆಯವರ ಕುತ್ತಿಗೆಗೆ ಬಂದದ್ದನ್ನು ವಕೀಲರು ಕೋರ್ಟಿನ ಮೆಟ್ಟಿಲಿನ ಮೇಲೆ ಹೇಳಿದ ಹಾಗೆ ಬರೆದುಕೊಳ್ಳುತ್ತಾರೆ. ಮೆಟ್ಟಿಲಿಗೆ ಮೊದಲು ಬಂದ ವಕೀಲರ ಕಕ್ಷಿದಾರ ಆ ದಿನ ಗೆದ್ದ ಹಾಗೆ.

ತೀರ್ಪು ಇಂಗ್ಲಿಷಿನಲ್ಲಿರುತ್ತದೆ, ಏನು ಮಾಡುವುದು ಎಂಬ ನೆಪವೂ ಇತ್ತು. 2024ರ ಡಿಸೆಂಬರ್ 12ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಮತ್ತು ನ್ಯಾಯಮೂರ್ತಿ ಸಿ.ಎಂ. ಜೋಶಿ ಅವರ ಪೀಠ ಹೈಕೋರ್ಟಿನಲ್ಲಿ ಕನ್ನಡದಲ್ಲೇ ತೀರ್ಪು ಓದಿತು. ಎಲ್ಲೆಡೆ ಸುದ್ದಿ: ಕನ್ನಡದಲ್ಲಿ ತೀರ್ಪು! ಐತಿಹಾಸಿಕ! ಸಂತೋಷ. ತೀರ್ಪು ಯಾವ ವ್ಯಾಜ್ಯದ್ದು, ಏನು ಹೇಳಿತು? ಕನ್ನಡದಲ್ಲಿ ಹೇಳಿತು. ಅಷ್ಟು ಸಾಕು.

ನಾವೇನು ಸಾಚಾಗಳಲ್ಲ. ಪೊನ್ನಂಪೇಟೆ ಕೋರ್ಟಿನಲ್ಲಿ ನಮ್ಮ ಬಾಣೆ ಜಾಗದ ಗಡಿ ತಕರಾರು ಇದ್ದರೆ ಆದೇಶದ ನಕಲು ಪ್ರತಿ ತಂದು, ನಾಲ್ಕು ಜನರಿಗೆ ತೋರಿಸಿ, ಒಂದೊಂದು ಸರ್ವೆ ನಂಬರೂ ಬೆರಳಿಟ್ಟು ಓದುತ್ತೇವೆ. ಒಂದು ಸೆಂಟು ಹೆಚ್ಚು ಕಡಿಮೆ ಆದರೆ ಮೇಲ್ಮನವಿ. ಅದೇ ಜನ ರಾತ್ರಿ ವಾಟ್ಸ್‌ಆ್ಯಪಿನಲ್ಲಿ 'ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು' ಎಂದು ಬಂದದ್ದನ್ನು ಪೂರ್ತಿ ತೆರೆಯದೆಯೇ ಐದು ಗುಂಪಿಗೆ ದೂಡುತ್ತೇವೆ. ನಮಗೆ ಬೇಕಾದದ್ದು ಇದ್ದರೆ ನ್ಯಾಯದೇವತೆ. ಬೇಡದ್ದು ಇದ್ದರೆ 'ಎಲ್ಲ ದುಡ್ಡಿನ ಆಟ'. ಗಿರಾಕಿ ಇಂಥವನಾದರೆ ಅಂಗಡಿಯವನು ಒಳ್ಳೆಯ ಸಾಮಾನು ತರುವುದು ಯಾಕೆ?

ಹೈಕೋರ್ಟಿನ ಆದೇಶಗಳು ಅದರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಸುಪ್ರೀಂ ಕೋರ್ಟಿನವೂ ಸಿಗುತ್ತವೆ, ಕೆಲವು ಕನ್ನಡಕ್ಕೆ ಅನುವಾದವಾಗಿಯೂ ಇವೆ. ಲಾಗಿನ್ ಬೇಡ, ಶಿಫಾರಸು ಬೇಡ, ಕೇಸಿನ ನಂಬರು ಗೊತ್ತಿದ್ದರೆ ಸಾಕು. ಕನ್ನಡದ ಸುದ್ದಿಗಳಲ್ಲಿ ಇಲ್ಲದಿರುವುದು ಆ ನಂಬರು ಒಂದೇ. ಮುಂದಿನ ಸಲ 'ಐತಿಹಾಸಿಕ ತೀರ್ಪು' ಎಂದು ಯಾರಾದರೂ ಕೂಗಿದರೆ ಪತ್ರಿಕೆಯ ಸಂಪಾದಕರಿಗೆ, ಚಾನೆಲ್ ಕಚೇರಿಗೆ ಒಂದು ಫೋನು ಮಾಡಿ. ವಾದ ಮಾಡಬೇಡಿ, ಬೈಯಬೇಡಿ. ಕೇಸಿನ ನಂಬರು ಮತ್ತು ಆದೇಶದ ತಾರೀಕು ಹಾಕಿ ಎಂದು ಕೇಳಿ. ಹಾಕುವ ತನಕ ಕೇಳುತ್ತಿರಿ.